ಡಿಎನ್‌ಎ ಯಾರ ಪಹಣಿಯೂ ಅಲ್ಲ

2022ರ ಮೇ ತಿಂಗಳಲ್ಲಿ, ಪಠ್ಯಪುಸ್ತಕ ಪರಿಷ್ಕರಣೆಯ ಜಗಳ ಕಾವೇರಿದ್ದಾಗ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಆರೆಸ್ಸೆಸ್‌ನವರು ಮೂಲ ಭಾರತೀಯರೇ ಎಂದು ಕೇಳಿದರು. ಆರ್ಯರು ಮಧ್ಯ ಏಷ್ಯಾದಿಂದ ಬಂದವರು, ದ್ರಾವಿಡರೇ ಈ ನೆಲದ ಮೂಲದವರು ಎಂಬುದು ಅವರ ಮಾತಿನ ಸಾರ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ಸಿದ್ದರಾಮಯ್ಯ ಆರ್ಯರೋ ದ್ರಾವಿಡರೋ ಮೊದಲು ಹೇಳಲಿ ಎಂದು ತಿರುಗೇಟು ಕೊಟ್ಟರು. ಮೂರ್ನಾಲ್ಕು ದಿನ ಟಿವಿಯಲ್ಲಿ ಅದೇ ಗದ್ದಲ. ಇಬ್ಬರೂ ಮಾಡಿದ್ದು ಒಂದೇ ತಪ್ಪು: ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ವಲಸೆಯನ್ನು ಇವತ್ತಿನ ನಾಗರಿಕನ ಪಹಣಿಯ ಹಾಗೆ ಓದಿದ್ದು.

ಹಾಗೆಂದು ಎರಡೂ ಕಡೆಯವರನ್ನು ಒಂದೇ ತಕ್ಕಡಿಯಲ್ಲಿಟ್ಟು ಕೈತೊಳೆದುಕೊಳ್ಳಲು ನಾನು ಸಿದ್ಧನಿಲ್ಲ. ಒಂದು ಕಡೆಯವರು ನಿಜವನ್ನು ತಪ್ಪು ಕೆಲಸಕ್ಕೆ ಬಳಸುತ್ತಾರೆ. ಇನ್ನೊಂದು ಕಡೆಯವರು ನಿಜವನ್ನೇ ಅಳಿಸುತ್ತಾರೆ. 2024ರಲ್ಲಿ ಎನ್‌ಸಿಇಆರ್‌ಟಿ ತನ್ನ ಹನ್ನೆರಡನೇ ತರಗತಿಯ ಇತಿಹಾಸ ಪುಸ್ತಕಕ್ಕೆ, ಹರಿಯಾಣದಲ್ಲಿರುವ ಹರಪ್ಪ ಕಾಲದ ನೆಲೆ ರಾಖಿಗಢಿಯ ಡಿಎನ್‌ಎ ಕುರಿತು ಹೊಸ ಮಾತುಗಳನ್ನು ಸೇರಿಸಿತು. ಹರಪ್ಪನ್ನರ ಡಿಎನ್‌ಎ ಇವತ್ತಿನವರೆಗೂ ಎಲ್ಲೂ ಕಡಿದುಹೋಗದೆ ಮುಂದುವರಿದಿದೆ, ಆರ್ಯರ ದೊಡ್ಡ ಪ್ರಮಾಣದ ವಲಸೆಯನ್ನು ಇದು ತಳ್ಳಿಹಾಕುತ್ತದೆ ಎಂಬುದು ಅದರ ತಾತ್ಪರ್ಯ. ಇಂದಿರಾನಗರದ ಸಿಬಿಎಸ್‌ಇ ಶಾಲೆಯ ಹುಡುಗಿ ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಪಡೆಯಬೇಕು.

ಸಂಶೋಧನೆ ಹೇಳುವುದು ಬೇರೆ. 2019ರ ಸೆಪ್ಟೆಂಬರ್‌ನಲ್ಲಿ ಎರಡು ಪ್ರಬಂಧಗಳು ಒಟ್ಟಿಗೆ ಹೊರಬಂದವು. ಒಂದು, ರಾಖಿಗಢಿಯ ಸಮಾಧಿಯಲ್ಲಿ ಸಿಕ್ಕ ಒಬ್ಬ ಹೆಂಗಸಿನ ಡಿಎನ್‌ಎ ಕುರಿತದ್ದು. ಆರ್ಯರ ವಲಸೆಯ ಜೊತೆ ತಳುಕು ಹಾಕುವ ಹುಲ್ಲುಗಾವಲುಗಳ ಪಶುಪಾಲಕರ ಅಂಶ ಅವಳಲ್ಲಿಲ್ಲ. ಈ ಅರ್ಧ ಮಾತನ್ನು ಮಾತ್ರ ಪುಸ್ತಕ ಎತ್ತಿಕೊಂಡಿದೆ. ಇನ್ನೊಂದು, 523 ಪ್ರಾಚೀನ ಮನುಷ್ಯರ ಡಿಎನ್‌ಎ ನೋಡಿ ಬರೆದದ್ದು. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಉತ್ತರದ ಹುಲ್ಲುಗಾವಲಿನ ಜನರ ಅಂಶ ಕ್ರಿ.ಪೂ. 2000ರಿಂದ 1500ರ ಒಳಗೆ ಉಪಖಂಡಕ್ಕೆ ಬಂತು ಎಂದು ಅದು ತೋರಿಸಿತು. ಅಂದರೆ ಅದಕ್ಕೂ ಹಿಂದೆ ಬದುಕಿದ್ದ ಆ ಹೆಂಗಸಿನ ಕಾಲಕ್ಕೆ ಅವರಿನ್ನೂ ಬಂದಿರಲಿಲ್ಲ. ವಾಘೀಶ್ ನರಸಿಂಹನ್, ಡೇವಿಡ್ ರೈಕ್ ಅವರ ಹೆಸರು ಎರಡೂ ಪ್ರಬಂಧಗಳಲ್ಲಿದೆ. ಒಂದೇ ತಂಡ ಎರಡು ಭಾಗದಲ್ಲಿ ಹೇಳಿದ ಕಥೆಯಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ಅದು ಮಕ್ಕಳಿಗೆ ಮಾಡುವ ಮೋಸ.

ಆದರೆ ಇದೇ ಸಂಶೋಧನೆ ‘ಮೂಲನಿವಾಸಿ’ ರಾಜಕಾರಣಕ್ಕೂ ಆಸರೆ ಕೊಡುವುದಿಲ್ಲ. ರಾಖಿಗಢಿಯ ಆ ಹೆಂಗಸೇ ಎರಡು ಮೂಲಗಳ ಬೆರಕೆ: ಪ್ರಾಚೀನ ಇರಾನಿನವರಿಗೆ ಹತ್ತಿರದ ಒಂದು ಬಳಗ, ಅಂಡಮಾನಿನವರಿಗೆ ದೂರದ ನೆಂಟರಾದ ಬೇಟೆಗಾರರ ಇನ್ನೊಂದು ಬಳಗ. ಅಂಥ ಜನ ದಕ್ಷಿಣದ ಬೇಟೆಗಾರರ ಜೊತೆ ಮತ್ತೆ ಬೆರೆತರು. ನಾವು ದ್ರಾವಿಡರು ಎಂದು ಎದೆ ತಟ್ಟಿಕೊಳ್ಳುವವರ ಪೂರ್ವಜರೂ ಆ ಬೆರಕೆಯಿಂದಲೇ ಬಂದವರು. ಆ ಬೇಟೆಗಾರರ ಪೂರ್ವಜರು ಆಫ್ರಿಕಾದಿಂದ ಹೊರಟು ಬಂದವರು. ಇನ್ನೂ ಹಿಂದಕ್ಕೆ ಹೋದರೆ ಸುರಪುರದ ಹತ್ತಿರದ ಇಸಾಂಪುರ ಸಿಗುತ್ತದೆ. ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದೆ ಅಲ್ಲಿ ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡಿದವರು ನಮ್ಮ ಮಾನವ ಪ್ರಭೇದಕ್ಕೇ ಸೇರಿದವರಲ್ಲ. ಮೊದಲು ಬಂದವನಿಗೇ ನೆಲ ಎನ್ನುವುದಾದರೆ ಕರ್ನಾಟಕದಲ್ಲಿ ನಮ್ಮಲ್ಲಿ ಒಬ್ಬರಿಗೂ ಹಕ್ಕಿಲ್ಲ.

ಮೊದಲು ಬಂದವರು ಯಾರು ಎಂಬ ಈ ವಾದ ಬರೀ ದೆಹಲಿಯ ಪುಸ್ತಕದ್ದಲ್ಲ, ಪೂರ್ವ ಬೆಂಗಳೂರಿನ ಬೀದಿಗಳದ್ದೂ ಹೌದು. 1809ರಲ್ಲಿ ದಂಡು ಪ್ರದೇಶ ಶುರುವಾದಾಗ ಮದ್ರಾಸ್ ಸೇನೆಯ ಹಿಂದೆ ತಮಿಳು, ತೆಲುಗು ಆಡುವ ಸಿಪಾಯಿಗಳು, ವ್ಯಾಪಾರಿಗಳು, ಕೂಲಿಗಳು ಬಂದು ನೆಲೆಸಿದರು. ಇನ್ನೂರು ವರ್ಷ ಕಳೆದ ಮೇಲೂ ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಹುಟ್ಟಿ ಬೆಳೆದವರನ್ನು ‘ನೀವು ಎಲ್ಲಿಯವರು’ ಎಂದು ಕೇಳುತ್ತೇವೆ. 1991ರ ಡಿಸೆಂಬರ್‌ನ ಕಾವೇರಿ ಗಲಭೆಯಲ್ಲಿ ಆ ಪ್ರಶ್ನೆಗೆ ಎಷ್ಟು ಬೆಲೆ ತೆರಬೇಕಾಯಿತು ಎಂಬುದು ಊರಿಗೆ ಗೊತ್ತು. ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆಗೆ ಹದಿನೆಂಟು ವರ್ಷ ಮುಸುಕು ಹೊದಿಸಿಟ್ಟಿದ್ದೆವು. ಅದರ ಅನಾವರಣಕ್ಕೆ 2009ರ ಆಗಸ್ಟ್ ಬರಬೇಕಾಯಿತು.

ಇಂದಿರಾನಗರದ ಪಕ್ಕದಲ್ಲೇ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿ ಇದೆ. ಅದರ ಕಲ್ಲಿನಲ್ಲಿ ತಮಿಳು ಅಕ್ಷರಗಳಿವೆ. ಬರೆಸಿದ ಕಾಲ ಯಾರದು? ಹೊಯ್ಸಳ ರಾಮನಾಥನದು, ಹದಿಮೂರನೆಯ ಶತಮಾನದ್ದು. ನಾವು ಕನ್ನಡದ ಹೆಮ್ಮೆ ಎಂದು ಕೊಂಡಾಡುವ ಮನೆತನ ಇದೇ ಊರಿನಲ್ಲಿ ತಮಿಳಿನಲ್ಲಿ ದಾನ ಬರೆಸಿದೆ. ಬೆಂಗಳೂರು ಎಂಬ ಹೆಸರನ್ನು ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ ಕನ್ನಡದಲ್ಲಿ ಕೆತ್ತಿದ ಬೇಗೂರಿನ ವೀರಗಲ್ಲೂ ಇದೇ ಊರಿನದು. ಎರಡೂ ನಮ್ಮವು.

2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಚೆನ್ನೈಯಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದಾಗ ನಮಗೆ ಸಿಟ್ಟು ಬಂದದ್ದು ಸರಿ, ಏಕೆಂದರೆ ಆ ಮಾತು ತಪ್ಪು. ಎರಡೂ ಒಂದೇ ಹಳೆಯ ದಕ್ಷಿಣ ದ್ರಾವಿಡ ಭಾಷೆಯಿಂದ ಕವಲೊಡೆದ ಅಕ್ಕತಂಗಿಯರು. ಆದರೆ ಉತ್ತರವನ್ನು ಭಾಷಾವಿಜ್ಞಾನದಿಂದ ಕೊಡುವ ಬದಲು ನಾವು ಅವರ ಸಿನಿಮಾ ನಿಲ್ಲಿಸಲು ಹೋದೆವು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ ನಮ್ಮ ವಿರುದ್ಧವೇ ಮುಗಿಯಿತು.

ಡಿಎನ್‌ಎ ಸಂಶೋಧನೆಯ ಅತಿ ಮುಖ್ಯವಾದ ಮಾತನ್ನು ಮಾತ್ರ ಯಾವ ಪಕ್ಷವೂ ಎತ್ತುವುದಿಲ್ಲ. 2013ರಲ್ಲಿ ಪ್ರಿಯಾ ಮೂರ್ಜಾನಿ, ಹೈದರಾಬಾದಿನ ಕುಮಾರಸಾಮಿ ತಂಗರಾಜ್ ಮತ್ತಿತರರು ತೋರಿಸಿದ್ದು ಇದು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಉಪಖಂಡದ ಜನ ಧಾರಾಳವಾಗಿ ಬೆರೆತರು, ಆಮೇಲೆ ಬೆರೆಯುವುದು ನಿಂತಿತು. ಜಾತಿಯೊಳಗೇ ಮದುವೆ ಎಂಬ ಗೋಡೆ ಎದ್ದಿತು. ಅದರ ಫಲ ಆಸ್ಪತ್ರೆಯಲ್ಲಿ ಕಾಣುತ್ತದೆ. ಆರ್ಯವೈಶ್ಯ ಸಮುದಾಯದ ಕೆಲವರಿಗೆ ಅರಿವಳಿಕೆ ಕೊಡುವಾಗ ಬಳಸುವ ಒಂದು ಸ್ನಾಯು ಸಡಿಲಿಸುವ ಔಷಧಿಯ ಪರಿಣಾಮ ಬೇಗ ಇಳಿಯುವುದಿಲ್ಲ, ಅದನ್ನು ಕರಗಿಸುವ ಕಿಣ್ವ ಅವರಲ್ಲಿ ಕಡಿಮೆ. ಇದು ಯಾರ ತಪ್ಪೂ ಅಲ್ಲ, ಹತ್ತಾರು ತಲೆಮಾರು ಒಳಗೊಳಗೇ ನಡೆದ ಮದುವೆಗಳ ಫಲ. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಮುನ್ನಡೆಸಿದ್ದು ನಮ್ಮದೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ. ಅದರ ಮಾಹಿತಿ ಬಳಕೆಯಾಗಬೇಕಾದದ್ದು ಇಂಥ ರೋಗಗಳಿಗೆ, ಯಾರ ರಕ್ತ ಎಷ್ಟು ಶುದ್ಧ ಎಂದು ಅಳೆಯುವುದಕ್ಕಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಎನ್‌ಸಿಇಆರ್‌ಟಿ ಆ ಪುಟವನ್ನು ತಿದ್ದಿ, 2019ರ ಎರಡೂ ಪ್ರಬಂಧಗಳ ತಿರುಳನ್ನು ಮಕ್ಕಳ ಮುಂದಿಡಲಿ. ನಮ್ಮ ರಾಜ್ಯದ ಪಠ್ಯಪುಸ್ತಕದಲ್ಲಿ ಇಸಾಂಪುರ, ಐದು ಸಾವಿರ ವರ್ಷಗಳಷ್ಟು ಹಳೆಯ ಬೂದಿದಿಬ್ಬಗಳು, ಬಳ್ಳಾರಿಯ ಸಂಗನಕಲ್ಲಿನಲ್ಲಿ ಹುರುಳಿ ಬೆಳೆದ ರೈತರು, ಆಫ್ರಿಕಾದಿಂದ ಬಂದು ನಮ್ಮ ಮುದ್ದೆಯಾದ ರಾಗಿ, ಇವೆಲ್ಲ ವಿವರವಾಗಿ ಬರಲಿ. ವೇದಿಕೆಯ ಮೇಲೆ ನಿಂತು ಯಾರನ್ನಾದರೂ ‘ನೀನು ಮೂಲ ಭಾರತೀಯನೇ’ ಎಂದು ಕೇಳುವ ನಾಯಕರು, ಅವರು ಯಾವ ಪಕ್ಷದವರೇ ಆಗಿರಲಿ, ಆ ಪ್ರಶ್ನೆಯನ್ನು ಹಿಂತೆಗೆದುಕೊಳ್ಳಲಿ. ಈ ದೇಶದಲ್ಲಿ ಪೌರತ್ವ ಕೊಡುವುದು ಸಂವಿಧಾನ, ಅದರಲ್ಲಿ ಮೂಳೆಯ ವಯಸ್ಸು ಕೇಳುವ ವಿಧಿ ಇಲ್ಲ.