ಭೂರ್ಜವನದ ಬಾಯಾರಿಕೆ

ಭೂಮಿ ಬಿಸಿಯಾದಷ್ಟೂ ಚಳಿಬೆಟ್ಟಗಳಲ್ಲಿ ಕಾಡು ಹುಲುಸಾಗಿ ಬೆಳೆಯುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಹಿಮಾಲಯದ ಭೂರ್ಜ ಈ ನಂಬಿಕೆಯನ್ನು ಸುಳ್ಳು ಮಾಡುತ್ತಿದೆ. ಕಾಶ್ಮೀರದ ಪಂಡಿತರು ಶತಮಾನಗಳ ಕಾಲ ಗ್ರಂಥ ಬರೆದದ್ದು ಇದೇ ಮರದ ತೊಗಟೆಯ ಮೇಲೆ. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಅಂಚಿನಲ್ಲಿ, ಹಲವೆಡೆ 4,000 ಮೀಟರ್ ಆಸುಪಾಸಿನ ಎತ್ತರದಲ್ಲಿ, ಅದು ನಿಂತಿದೆ. ಚಳಿಯೊಂದೇ ಅದರ ಬೆಳವಣಿಗೆಯನ್ನು ತಡೆದಿದ್ದರೆ ತಾಪ ಏರಿದಂತೆ ಮರ ದಪ್ಪವಾಗಬೇಕಿತ್ತು. ನೇಪಾಳದ ಲಾಂಗ್‌ಟಾಂಗ್ ಕಣಿವೆಯಲ್ಲಿ ಕಾಂಡದ ವಾರ್ಷಿಕ ಉಂಗುರಗಳನ್ನು ಅಳೆದವರಿಗೆ ಸಿಕ್ಕ ಉತ್ತರ ಬೇರೆ. ಮಾರ್ಚ್‌ನಿಂದ ಮೇ ತನಕ ಮಳೆ, ಹಿಮ ಚೆನ್ನಾಗಿ ಬಿದ್ದ ವರ್ಷದ ಉಂಗುರ ಅಗಲ. ಆ ತಿಂಗಳುಗಳು ಒಣಗಿ ಕಾದ ವರ್ಷದ್ದು ಕಿರಿದು. ತೀರಾ ಒಣ ವರ್ಷಗಳಲ್ಲಿ ಕೆಲವು ಮರಗಳಲ್ಲಿ ಉಂಗುರವೇ ಮೂಡಿಲ್ಲ. ಚಿಗುರೊಡೆಯುವ ಹೊತ್ತಿಗೆ ಮುಂಗಾರು ಇನ್ನೂ ತಲುಪಿರುವುದಿಲ್ಲ. ಕಲ್ಲುನೆಲದ ತೆಳುಮಣ್ಣಿನಲ್ಲಿ ಉಳಿದ ಅಷ್ಟಿಷ್ಟು ತೇವವನ್ನೂ ಹೆಚ್ಚಿದ ಬಿಸಿಲು ಹೀರಿಬಿಡುತ್ತದೆ.

ಮರಗಳು ಮೇಲಕ್ಕೆ ಹಬ್ಬುತ್ತಿರುವುದು ಕಣ್ಣಿಗೇ ಕಾಣುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ, ನೇಪಾಳದ ಮನಾಸ್ಲು ಪ್ರದೇಶದಲ್ಲಿ ಫರ್ ಮರ ಮೇಲೇರಿದ್ದು ದಾಖಲಾಗಿದೆ. ಆದರೆ ಅಲ್ಲಿಯೇ ಭೂರ್ಜದ ಮೇಲಂಚು ಇತ್ತೀಚಿನ ದಶಕಗಳಲ್ಲಿ ಇದ್ದಲ್ಲೇ ಇದೆ. ವಸಂತದಲ್ಲಿ ತೇವ ಸಾಕಷ್ಟಿರುವ ಕಡೆ ಭೂರ್ಜವೂ ಏರಬಹುದು, ಒಪ್ಪುತ್ತೇನೆ. ಆ ಕೆಲವು ಜಾಗಗಳನ್ನು ನೋಡಿ ಇಡೀ ಹಿಮಾಲಯ ಹಸಿರಾಗಿ ಇಂಗಾಲ ಹೀರಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವುದು ಮಾತ್ರ ಅಪಾಯಕಾರಿ.

ಕಡಿದದ್ದನ್ನು ಮತ್ತೆ ನೆಟ್ಟರಾಯಿತು ಎಂಬ ಇನ್ನೊಂದು ವಾದವನ್ನು ಗಂಗೋತ್ರಿಯ ಅನುಭವದ ಬೆಳಕಿನಲ್ಲಿ ನೋಡಬೇಕು. ಗೋಮುಖದ ದಾರಿಯ ಭೋಜಬಾಸಾಕ್ಕೆ ಹೆಸರು ಬಂದದ್ದೇ ಭೂರ್ಜವನದಿಂದ. ಯಾತ್ರಿಕರ ಒಲೆಗೆ ಸೌದೆಯಾಗಿ ಆ ವನ ಬಹುಪಾಲು ಕರಗಿತು. ಪರ್ವತಾರೋಹಿ ಹರ್ಷವಂತಿ ಬಿಷ್ಟ್ 1990ರ ದಶಕದಲ್ಲಿ ಚೀರಬಾಸಾದಲ್ಲಿ ನರ್ಸರಿ ಮಾಡಿ, ಭೋಜಬಾಸಾದಲ್ಲಿ ಸಸಿ ನೆಡಿಸಿದರು. ಆ ಶ್ರಮಕ್ಕೆ ಕೈಮುಗಿಯಬೇಕು. ಆದರೂ ನೆಟ್ಟ ಸಸಿ ಮರವಾಗಲು ಅಲ್ಲಿ ದಶಕಗಳೇ ಬೇಕು, ಮೊದಲ ವರ್ಷಗಳ ಒಣ ವಸಂತವನ್ನು ಅದು ದಾಟಬೇಕು, ಮೇಯುವ ದನ-ಕುರಿಗಳಿಂದ ಉಳಿಯಬೇಕು. ಮುನ್ನೂರು ವರ್ಷ ಮೀರಿ ಬಾಳಬಲ್ಲ ಒಂದು ಮರಕ್ಕೆ ನಿನ್ನೆ ನೆಟ್ಟ ಸಸಿ ಪರಿಹಾರವಾಗದು. ಹಾಗೆಂದು ಚಳಿಯಲ್ಲಿ ಬದುಕುವ ಬೆಟ್ಟದ ಜನರಿಗೆ ಉರುವಲು ಬೇಡವೆನ್ನಲಾದೀತೇ? ಅವರಿಗೆ ಅಗ್ಗದ ದರದಲ್ಲಿ ಅಡುಗೆ ಅನಿಲವನ್ನು ಬೆಟ್ಟದ ಮೇಲಕ್ಕೆ ತಲುಪಿಸುವ ಹೊಣೆ ಸರ್ಕಾರದ್ದು. ನಿಂತ ಮರಗಳ ರಕ್ಷಣೆಗೆ ಮೊದಲ ಹಣ, ಹೊಸ ಸಸಿಗಳಿಗೆ ಆಮೇಲಿನ ಹಣ ಎಂಬುದು ನೀತಿಯಾಗಲಿ. ಕರ್ನಾಟಕದಿಂದ ಗಂಗೋತ್ರಿಗೆ ಹೋಗುವವರು ಭೂರ್ಜದ ತೊಗಟೆ ಸುಲಿಯಬೇಡಿ, ಅದರ ಸೌದೆಯಿಂದ ಕಾಯಿಸಿದ ನೀರು ಬೇಡವೆನ್ನಿ.