ಭೌತಶಾಸ್ತ್ರದ ಪಠ್ಯಕ್ರಮ ಮತ್ತು ಕನ್ನಡ ವಿಭಾಗಗಳ ಹೊಣೆ

ಭೌತಶಾಸ್ತ್ರದ ಪಠ್ಯಕ್ರಮವನ್ನು ರೂಪಿಸುವುದು ಆ ಶಾಸ್ತ್ರವನ್ನು ಬಲ್ಲವರ ಕೆಲಸ, ಅಲ್ಲಿ ಕನ್ನಡ ಅಧ್ಯಾಪಕರಿಗೆ ಪಾತ್ರವಿಲ್ಲ ಎಂಬ ಭಾವನೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲದಿಂದ ನೆಲೆಯೂರಿದೆ. ಭೌತಶಾಸ್ತ್ರಕ್ಕೊಂದು ಅಧ್ಯಯನ ಮಂಡಳಿ, ಕನ್ನಡಕ್ಕೊಂದು ಅಧ್ಯಯನ ಮಂಡಳಿ. ಇವೆರಡೂ ಒಂದೆಡೆ ಕುಳಿತು ಚರ್ಚಿಸುವ ಸಂದರ್ಭವೇ ಒದಗುವುದಿಲ್ಲ. ಈ ವಿಭಜನೆ ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ್ದೇ ಹೊರತು ಜ್ಞಾನದ ಸ್ವರೂಪದಿಂದ ಹುಟ್ಟಿದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ಓದಲು ಬರುವ ವಿದ್ಯಾರ್ಥಿ ಎಡವುವುದು ಈ ಎರಡು ಮಂಡಳಿಗಳ ನಡುವೆ ಉಳಿದಿರುವ ಖಾಲಿ ಜಾಗದಲ್ಲಿಯೇ. ಭಾಷೆಯನ್ನು ಹೊರಗಿಟ್ಟು ರೂಪಿಸಿದ ಭೌತಶಾಸ್ತ್ರದ ಪಠ್ಯಕ್ರಮ ಅಪೂರ್ಣವಾದುದು. ಅದನ್ನು ಪೂರ್ಣಗೊಳಿಸುವ ಕೆಲಸದಲ್ಲಿ ಕನ್ನಡ ವಿಭಾಗಗಳಿಗೆ ಪಾಲಿದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಭೌತಶಾಸ್ತ್ರದ ಮೊದಲ ಪಾಠಗಳು ಹೊಸ ಪದಗಳಿಂದ ಆರಂಭವಾಗುವುದಿಲ್ಲ, ಹಳೆಯ ಪದಗಳಿಗೆ ಹೊಸ ಅರ್ಥವನ್ನು ಕೊಡುವುದರಿಂದ ಆರಂಭವಾಗುತ್ತವೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳನ್ನು ದಿನಬಳಕೆಯಲ್ಲಿ ನಾವು ಒಂದರ ಬದಲು ಇನ್ನೊಂದಾಗಿ ಬಳಸುತ್ತೇವೆ; ಭೌತಶಾಸ್ತ್ರದಲ್ಲಿ ಅವು ಬೇರೆ ಬೇರೆ ಪರಿಮಾಣಗಳು, ಅವುಗಳ ಮಾನಗಳೂ ಬೇರೆ. ತಲೆಯ ಮೇಲೆ ಮೂಟೆ ಹೊತ್ತು ಒಂದು ತಾಸು ನಿಂತವನು ಲೋಕದ ಮಾತಿನಲ್ಲಿ ಕಷ್ಟದ ಕೆಲಸವನ್ನೇ ಮಾಡಿದ್ದಾನೆ. ಮೂಟೆ ಕದಲದಿದ್ದುದರಿಂದ ಶಾಸ್ತ್ರದ ಲೆಕ್ಕದಲ್ಲಿ ಅದರ ಮೇಲೆ ನಡೆದ ಕೆಲಸ ಸೊನ್ನೆ. ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು ಎನ್ನುವಾಗ ನಾವು ಹೇಳುವ ಉಷ್ಣಕ್ಕೂ ಪಠ್ಯಪುಸ್ತಕದ ಉಷ್ಣಕ್ಕೂ ಸಂಬಂಧವಿಲ್ಲ. ಪಠ್ಯಪುಸ್ತಕದ ಉಷ್ಣಕ್ಕೂ ಉಷ್ಣತೆಗೂ ಇರುವ ಮಹತ್ವದ ಭೇದವಾದರೋ ಒಂದು ಪ್ರತ್ಯಯದ ಮೇಲೆ ನಿಂತಿದೆ. ರಾಶಿ ಎಂದೊಡನೆ ಕಣದ ರಾಶಿಯೋ ಜಾತಕದ ರಾಶಿಯೋ ನೆನಪಾಗುವ ಮಗುವಿಗೆ ದ್ರವ್ಯರಾಶಿಯನ್ನು ತೂಕದಿಂದ ಬೇರ್ಪಡಿಸಿ ಹೇಳಬೇಕಾಗಿದೆ. ಕಿಲೋಗ್ರಾಂ ದ್ರವ್ಯರಾಶಿಯ ಮಾನ, ತೂಕದ ಮಾನ ನ್ಯೂಟನ್ ಎಂದು ಬಾಯಿಪಾಠ ಮಾಡಿಸಿದರೆ ಅದು ತಿಳಿಯುವುದಿಲ್ಲ. ಅಂಗಡಿಯ ತಕ್ಕಡಿಯನ್ನು ಚಂದ್ರನ ಮೇಲೆ ಒಯ್ದರೂ ಒಂದು ಕಿಲೋ ಬೆಲ್ಲ ಒಂದು ಕಿಲೋ ಕಲ್ಲಿಗೇ ಸಮನಾಗಿ ನಿಲ್ಲುತ್ತದೆ, ಸ್ಪ್ರಿಂಗ್ ತಕ್ಕಡಿಯಾದರೆ ಸುಮಾರು ಆರನೆಯ ಒಂದು ಪಾಲನ್ನು ಮಾತ್ರ ತೋರಿಸುತ್ತದೆ ಎಂದು ಯೋಚಿಸುವಂತೆ ಮಾಡಿದರೆ ತಿಳಿಯುತ್ತದೆ. ಇಲ್ಲಿ ನಡೆಯುವುದು ಅರ್ಥವಿವೇಚನೆ. ಇದು ನಮ್ಮ ಶಿಸ್ತಿಗೆ ಹೊರತಾದ ಕೆಲಸವಲ್ಲ.

ಇದು ಕನ್ನಡ ಮಕ್ಕಳಿಗೆ ಮಾತ್ರ ಇರುವ ತೊಡಕೂ ಅಲ್ಲ. ಅಮೆರಿಕದಲ್ಲಿ ಹೆಸ್ಟೆನೆಸ್, ವೆಲ್ಸ್ ಮತ್ತು ಸ್ವಾಕ್‌ಹ್ಯಾಮರ್ 1992ರಲ್ಲಿ ಬಲದ ಪರಿಕಲ್ಪನೆಯನ್ನು ಪರೀಕ್ಷಿಸುವ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಸಮೀಕರಣಗಳಿಲ್ಲ, ಲೆಕ್ಕಗಳಿಲ್ಲ. ಇರುವುದು ದಿನಬಳಕೆಯ ಮಾತಿನ ಪ್ರಶ್ನೆಗಳು. ಸೂತ್ರಗಳನ್ನು ಬಳಸಿ ಲೆಕ್ಕ ಬಿಡಿಸಬಲ್ಲ ವಿದ್ಯಾರ್ಥಿಗಳೂ ಅಲ್ಲಿ ಸೋತರು. ಎಳೆಯುವುದನ್ನು ನಿಲ್ಲಿಸಿದರೆ ಗಾಡಿ ನಿಲ್ಲುತ್ತದೆ, ಆದ್ದರಿಂದ ಚಲನೆಗೆ ಸದಾ ಬಲ ಬೇಕು ಎಂಬ ಅನುಭವದ ತೀರ್ಮಾನ ಅವರ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತು. 1998ರಲ್ಲಿ ರಿಚರ್ಡ್ ಹೇಕ್ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ 62 ಕೋರ್ಸುಗಳ ಫಲಿತಾಂಶವನ್ನು ಹೋಲಿಸಿ ನೋಡಿದರು. ಆರಂಭದಲ್ಲಿ ತಿಳಿಯದೆ ಉಳಿದಿದ್ದುದರಲ್ಲಿ ಕೋರ್ಸಿನ ಕೊನೆಗೆ ಎಷ್ಟು ಪಾಲು ದಕ್ಕಿತು ಎಂಬುದು ಅವರ ಅಳತೆಗೋಲು. ಉಪನ್ಯಾಸವನ್ನೇ ನೆಚ್ಚಿದ 14 ಕೋರ್ಸುಗಳಲ್ಲಿ ಆ ಪಾಲು ಸರಾಸರಿ 0.23, ವಿದ್ಯಾರ್ಥಿಗಳು ತಮ್ಮೊಳಗೆ ಚರ್ಚಿಸಿ ಉತ್ತರ ಕಂಡುಕೊಳ್ಳುವಂತೆ ರೂಪಿಸಿದ 48 ಕೋರ್ಸುಗಳಲ್ಲಿ 0.48. ಮಾತನಾಡದೆ ಪರಿಕಲ್ಪನೆ ದಕ್ಕುವುದು ಕಷ್ಟವೆಂದಾದರೆ, ಯಾವ ಭಾಷೆಯಲ್ಲಿ ಮಾತನಾಡುವುದು ಎಂಬ ಪ್ರಶ್ನೆ ಪಠ್ಯಕ್ರಮದ ಒಳಗಿನ ಪ್ರಶ್ನೆಯೇ ಆಗುತ್ತದೆ.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಪರಿಸ್ಥಿತಿಯನ್ನು ನೋಡಬೇಕು. ಹತ್ತನೆಯ ತರಗತಿಯವರೆಗೆ ಜವ, ವೇಗ, ವೇಗೋತ್ಕರ್ಷ, ಸಂವೇಗ ಎಂದು ಕಲಿತವರು ಪದವಿಪೂರ್ವ ತರಗತಿಯ ಮೊದಲ ವಾರದಲ್ಲಿಯೇ ಸ್ಪೀಡ್, ವೆಲಾಸಿಟಿ, ಆಕ್ಸಿಲರೇಷನ್, ಮೊಮೆಂಟಮ್‌ಗಳನ್ನು ಎದುರಿಸುತ್ತಾರೆ. ಮೊದಲೇ ಮಾತಿನಿಂದ ಶಾಸ್ತ್ರಕ್ಕೆ ಒಮ್ಮೆ ದಾಟಿದವರು ಈಗ ಒಂದು ಶಾಸ್ತ್ರಭಾಷೆಯಿಂದ ಇನ್ನೊಂದಕ್ಕೆ ದಾಟಬೇಕು. ಇದೇ ಹಂತದಲ್ಲಿ ಗಣಿತದ ಭಾರವೂ ಏರುತ್ತದೆ. 2012–13ರಿಂದ ಪದವಿಪೂರ್ವ ವಿಜ್ಞಾನಕ್ಕೆ ರಾಷ್ಟ್ರಮಟ್ಟದ ಪಠ್ಯವನ್ನು ಅಳವಡಿಸಿಕೊಂಡ ಮೇಲೆ ಆ ಭಾರ ಇನ್ನಷ್ಟು ಹೆಚ್ಚಿತು. ಈ ದಾಟುವಿಕೆಗಾಗಿ ಪಠ್ಯಕ್ರಮದಲ್ಲಿ ಕಾಲವನ್ನು ಮೀಸಲಿಟ್ಟಿಲ್ಲ. ವೈದ್ಯಕೀಯ ಪ್ರವೇಶದ ರಾಷ್ಟ್ರೀಯ ಪರೀಕ್ಷೆಯನ್ನು 2017ರಿಂದಲೂ ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದಲೂ ಕನ್ನಡದಲ್ಲಿ ಬರೆಯಲು ಅವಕಾಶವಾಯಿತು. ಆದರೆ ಅದಕ್ಕೆ ಸಿದ್ಧಗೊಳಿಸುವ ಎರಡು ವರ್ಷದ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಪರೀಕ್ಷೆಯ ಬಾಗಿಲು ತೆರೆದು ಪಾಠದ ಬಾಗಿಲು ಮುಚ್ಚಿರುವುದರಿಂದ ಈ ಅವಕಾಶದ ಫಲ ಸಿಗಬೇಕಾದವರಿಗೆ ಸಿಗುವುದು ದುರ್ಲಭ.

ಬೇರೆ ಬಗೆಯ ಪಠ್ಯಕ್ರಮ ಸಾಧ್ಯವಿಲ್ಲವೆ ಎಂದರೆ, ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ ಮುಂದೆ ಏಕಲವ್ಯ ಸಂಸ್ಥೆಯ ಹೊಣೆಯಲ್ಲಿ ನೂರಾರು ಶಾಲೆಗಳಿಗೆ ಹಬ್ಬಿತು. ಮಕ್ಕಳು ಮೊದಲು ಪ್ರಯೋಗ ಮಾಡಿ, ಕಂಡದ್ದನ್ನು ತಮ್ಮ ಹಿಂದಿಯಲ್ಲಿ ಬರೆದು, ಅನಂತರ ಪರಿಭಾಷೆಗೆ ಬರುವ ಕ್ರಮ ಅಲ್ಲಿತ್ತು. ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಳ್ಳಬಹುದಿತ್ತು. ಪಠ್ಯ ಮಾತ್ರ ಬದಲಾಗಿ ಪರೀಕ್ಷೆ ಬದಲಾಗದಿದ್ದರೆ ಏನೂ ಬದಲಾಗುವುದಿಲ್ಲ ಎಂಬುದನ್ನು ಅದನ್ನು ರೂಪಿಸಿದವರು ಅರಿತಿದ್ದರು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಒಂದು ಪಠ್ಯಕ್ರಮ ಮೂವತ್ತು ವರ್ಷ ನಡೆದೂ ಸರ್ಕಾರದ ಒಂದು ನಿರ್ಧಾರದಿಂದ ಕೊನೆಗೊಳ್ಳಬಹುದೆಂಬುದೂ ಅದರಿಂದ ನಾವು ಕಲಿಯಬೇಕಾದ ಪಾಠ.

ಕನ್ನಡದ ಮಟ್ಟಿಗೆ ಹೇಳುವುದಾದರೆ ಭೌತಶಾಸ್ತ್ರವೂ ಸಾಹಿತ್ಯವೂ ಹಿಂದೆ ಇಷ್ಟು ದೂರವಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿದರು. ಪಂಪಭಾರತದ ಸಂಪಾದನೆಯಲ್ಲಿಯೂ ದುಡಿದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಒಬ್ಬ ವ್ಯಕ್ತಿಯಲ್ಲಿ ಸೇರಿದ್ದ ಈ ಎರಡು ಆಸಕ್ತಿಗಳು ಇಂದು ಎರಡು ಕಟ್ಟಡಗಳಲ್ಲಿವೆ.

ಇಲ್ಲಿ ಎರಡು ಆಕ್ಷೇಪಗಳನ್ನು ನಿರೀಕ್ಷಿಸಬಹುದು. ಉನ್ನತ ವಿಜ್ಞಾನದ ಭಾಷೆ ಇಂಗ್ಲಿಷ್, ವಿದ್ಯಾರ್ಥಿ ಬೇಗ ಅದಕ್ಕೆ ಒಗ್ಗಿಕೊಂಡಷ್ಟೂ ಲೇಸು ಎಂಬುದು ಮೊದಲನೆಯದು. ಸಂಶೋಧನ ಲೇಖನಗಳನ್ನು ಓದಲು ಇಂಗ್ಲಿಷ್ ಬೇಕೆಂಬುದು ನಿಜ. ಆದರೆ ಅರ್ಥವಾಗದ ಪರಿಕಲ್ಪನೆಯ ಇಂಗ್ಲಿಷ್ ಹೆಸರನ್ನು ಕಲಿತವನು ಇಂಗ್ಲಿಷನ್ನೂ ಕಲಿತಂತಾಗಲಿಲ್ಲ, ಭೌತಶಾಸ್ತ್ರವನ್ನೂ ಕಲಿತಂತಾಗಲಿಲ್ಲ. ಎಲ್ಲವನ್ನೂ ಕೂಡಲೇ ಕನ್ನಡಕ್ಕೆ ತಂದರೆ ಸಮಸ್ಯೆ ನೀಗುತ್ತದೆ ಎಂಬುದು ಎರಡನೆಯದು. ಸಂಸ್ಕೃತ ಧಾತುಗಳಿಂದ ಟಂಕಿಸಿದ ಪದಗಳ ಪಟ್ಟಿಯನ್ನು ಪುಸ್ತಕದ ಕೊನೆಗೆ ಅಂಟಿಸಿದರೆ ಅವೂ ಮಗುವಿಗೆ ಪರಭಾಷೆಯ ಪದಗಳೇ. ಬೇಕಾಗಿರುವುದು ಪದಕೋಶವಲ್ಲ, ಪದದ ಬಳಕೆಯನ್ನು ಬೆಳೆಸುವ ಪಾಠ.

ಹಾಗಾದರೆ ಮಾಡಬೇಕಾದುದೇನು? ಪ್ರೌಢಶಾಲೆಯ ಪಠ್ಯದಲ್ಲಿ ಪ್ರತಿ ಮೂಲ ಪರಿಕಲ್ಪನೆಯೂ ಲೋಕರೂಢಿಯ ಅರ್ಥದಿಂದ ಆರಂಭವಾಗಿ ಶಾಸ್ತ್ರದ ಅರ್ಥಕ್ಕೆ ಬರಲಿ, ಪಕ್ಕದಲ್ಲಿಯೇ ಇಂಗ್ಲಿಷ್ ಪದವೂ ಕನ್ನಡ ಲಿಪಿಯಲ್ಲಿ ಇರಲಿ. ಪದವಿಪೂರ್ವದ ಮೊದಲ ಆರು ವಾರ ಹೊಸ ಅಧ್ಯಾಯಗಳಿಗೆ ಹೋಗದೆ, ತಿಳಿದ ಯಂತ್ರಶಾಸ್ತ್ರವನ್ನೇ ಎರಡೂ ಭಾಷೆಗಳಲ್ಲಿ ಚರ್ಚಿಸುವ ಸೇತುಪಾಠಕ್ಕೆ ಮೀಸಲಾಗಲಿ. ವಿವರಣಾತ್ಮಕ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸಿದರೂ ಪೂರ್ಣ ಅಂಕ ದೊರೆಯಲಿ.

ಮೂರನೆಯ ಕೆಲಸ ನಮ್ಮ ಕೈಯಲ್ಲಿಯೇ ಇದೆ. ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಭಾಷಾವಿಷಯವಾಗಿ ಕನ್ನಡವನ್ನು ಬೋಧಿಸುವವರು ನಾವು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಹೊಂದಿಸಲು ಪದವಿಯ ಪಠ್ಯಗಳನ್ನು ಬದಲಿಸಲಾಯಿತು. 2024–25ರಲ್ಲಿ ಮೂರು ವರ್ಷದ ಪದವಿಗೆ ಮರಳಿದಾಗ ಮತ್ತೆ ಬದಲಿಸಲಾಯಿತು. ಕವಿತೆ, ಕಥೆಗಳ ಜೊತೆಗೆ ಒಂದೆರಡು ವಿಜ್ಞಾನ ಪ್ರಬಂಧಗಳನ್ನು ಸೇರಿಸಿದರೆ ಸಾಲದು. ತಾನು ಪ್ರಯೋಗಾಲಯದಲ್ಲಿ ಮಾಡಿದ ಒಂದು ಪ್ರಯೋಗವನ್ನು ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲಿಯೂ ಕನ್ನಡದಲ್ಲಿ ವಿವರಿಸಿ ಬರೆಯಬೇಕು; ಅದರ ನಿಖರತೆಯನ್ನು ಭೌತಶಾಸ್ತ್ರದ ಅಧ್ಯಾಪಕರೂ ಸ್ಪಷ್ಟತೆಯನ್ನು ಕನ್ನಡದ ಅಧ್ಯಾಪಕರೂ ಪರಿಶೀಲಿಸಿ ಆಂತರಿಕ ಅಂಕ ಕೊಡಬೇಕು. ಇದಕ್ಕೆ ಹೊಸ ಹುದ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಹೀಗೆ ಬರೆದು ಕಲಿತವರಲ್ಲಿ ಹಲವರು ನಾಳೆ ಪ್ರೌಢಶಾಲೆಗಳಲ್ಲಿ ವಿಜ್ಞಾನ ಶಿಕ್ಷಕರಾಗುತ್ತಾರೆ ಎಂಬುದನ್ನು ಮರೆಯಬಾರದು. ಮುಂದಿನ ಪಠ್ಯ ಪರಿಷ್ಕರಣೆಗೆ ಮುನ್ನ ಎರಡೂ ಅಧ್ಯಯನ ಮಂಡಳಿಗಳು ಜಂಟಿಯಾಗಿ ಒಂದು ಸಭೆಯನ್ನಾದರೂ ಸೇರಬೇಕು. ಅದನ್ನು ಕರೆಯುವ ಉಪಕ್ರಮವನ್ನು ಕನ್ನಡ ವಿಭಾಗಗಳೇ ಕೈಗೊಳ್ಳಬೇಕು.