ತಲೆಯ ಮೇಲಿನ ಕೈ

ನೀಲಗಿರಿ ಬೆಟ್ಟದ ಕೋಟಗಿರಿಯಲ್ಲಿ ಒಂದು ಕಲ್ಯಾಣ ಮಂಟಪ. ಗೆಳೆಯನ ಹಿರಿಮಗಳ ಮದುವೆ. ವೇದಿಕೆಯ ಮೇಲೆ ಹುಡುಗ, ಹುಡುಗಿ ನಿಂತಿದ್ದರು. ಕೆಳಗೆ ಸಾಲು ಬಾಗಿಲವರೆಗೂ ಬೆಳೆದಿತ್ತು. ಸಾಲಿನಲ್ಲಿ ಬಂದ ಒಬ್ಬ ಹಿರಿಯರು ನಿಧಾನವಾಗಿ ಮೆಟ್ಟಿಲು ಹತ್ತಿದರು. ಬಿಳಿ ರುಮಾಲು, ಬಿಳಿ ಶಾಲು, ಶಾಲಿನೊಳಗೆ ಮೊಣಕೈ ಸವೆದ ಹಳೆಯ ಕೋಟು. ಹುಡುಗಿ ತಲೆ ತಗ್ಗಿಸಿದಳು. ಅವರು ಬಲಗೈಯನ್ನು ಅವಳ ನೆತ್ತಿಯ ಮೇಲಿಟ್ಟು ಹರಸತೊಡಗಿದರು. ಈ ಬೆಟ್ಟದ ಬಡಗರಲ್ಲಿ ಹಿರಿಯರು ಹರಸುವ ರೀತಿಯೇ ಹಾಗೆ. ಕೈ ನೆತ್ತಿಯ ಮೇಲೆ ಕೂರಬೇಕು, ಮಾತು ಮುಗಿಯುವವರೆಗೂ ಅಲ್ಲೇ ಇರಬೇಕು. ಅವರ ಮಾತು ಅರ್ಧವೂ ಆಗಿರಲಿಲ್ಲ, ಫೋಟೋದವನು ತಮಿಳಿನಲ್ಲಿ ಕೂಗಿದ: "ತಾತಾ, ಕೈ ಸ್ವಲ್ಪ ಇಳಿಸಿ, ಮುಖ ಮರೆಯಾಗ್ತಿದೆ." ಅವರು ಕೈ ತೆಗೆದರು. ಕ್ಯಾಮೆರಾ ಕಡೆ ತಿರುಗಿ ನಿಂತರು. ಬೆಳಕು ಮಿಂಚಿತು, ಮುಂದಿನವರು ಬಂದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟ ಕೆಲಸವನ್ನು ಅವನು ಮಾಡಿದ. ಕೊಟ್ಟವರು ನಾವು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಹಳೆಯದಕ್ಕೆ ಹೊಸದನ್ನು ಬೆರೆಸಿ ಮದುವೆ ಮಾಡುತ್ತಿದ್ದೇವೆ ಎಂದು ಎಲ್ಲರೂ ಹೇಳುತ್ತೇವಲ್ಲ, ಹಳೆಯದರಲ್ಲಿ ಯಾವುದನ್ನು ಉಳಿಸಿಕೊಂಡಿದ್ದೇವೆ? ಆ ಮಂಟಪದಲ್ಲಿ ರುಮಾಲು ಇತ್ತು, ಬಿಳಿ ಮುಂಡು ಇತ್ತು, ಬಾಗಿಲಲ್ಲಿ ಕಂಚಿನ ತಟ್ಟೆ, ಹಳೆಯ ಕೊಡ ಅಲಂಕಾರಕ್ಕೆ ಇಟ್ಟಿದ್ದರು. ತಲೆಯ ಮೇಲಿನ ಕೈಗೆ ಮಾತ್ರ ಪುರಸೊತ್ತು ಸಿಗಲಿಲ್ಲ. ಕಣ್ಣಿಗೆ ಕಾಣುವುದನ್ನು ಜೋಪಾನ ಮಾಡುತ್ತೇವೆ, ನಡೆದುಕೊಳ್ಳುವ ರೀತಿಯನ್ನು ಕೈಬಿಡುತ್ತೇವೆ. ನನ್ನ ಪ್ರಕಾರ ಇದು ತಿರುಗುಮುರುಗಾಗಬೇಕು. ಬಟ್ಟೆ, ಹಾಡು, ಅಡುಗೆ, ದೀಪ ಕಾಲಕ್ಕೆ ತಕ್ಕಂತೆ ಬದಲಾಗಲಿ. ಯಾರು ಯಾರಿಗೆ ತಲೆಬಾಗುತ್ತಾರೆ, ಯಾರು ಯಾರಿಂದ ಹಣ ಕೇಳುವಂತಿಲ್ಲ, ಸಂಬಂಧ ಗಟ್ಟಿಯಾಗಲು ಎಷ್ಟು ಕಾಲ ಕೊಡಬೇಕು ಎಂಬ ನಡಾವಳಿಯ ಮೇಲೆ ಕೈಹಾಕುವ ಮೊದಲು ನೂರು ಸಲ ಯೋಚಿಸಬೇಕು.

ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತುವ ಕನ್ನಡಿಗರಿಗೆ ಬಡಗರ ಮಾತು ಕಿವಿಗೆ ಬಿದ್ದೊಡನೆ ಪರಿಚಯದ ಮಾತೆನಿಸುತ್ತದೆ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ತಾವೆಂಬ ನೆನಪು ಅವರ ಹೆಸರಿನಲ್ಲೇ ಇದೆ. ಬಡಗಣ, ಅಂದರೆ ಉತ್ತರದಿಂದ ಬಂದವರು. ಅವರ ನುಡಿ ಕನ್ನಡದ ಒಳನುಡಿಯೋ ಸ್ವತಂತ್ರ ಭಾಷೆಯೋ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಮದುವೆಯನ್ನು ಅವರೂ ಮದುವೆ ಎಂದೇ ಕರೆಯುತ್ತಾರೆ, ಊರಿಗೆ ಹಟ್ಟಿ ಎನ್ನುತ್ತಾರೆ, ಅಜ್ಜಿಗೆ ಹೆತ್ತೆ. ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ ಎಂಬ ನಾಲ್ಕು ಸೀಮೆಗಳನ್ನು ಸೇರಿಸಿ ತಮ್ಮ ನೆಲವನ್ನು ನಾಕ್ಕುಬೆಟ್ಟ ಎನ್ನುತ್ತಾರೆ.

ಅವರ ಹಳೆಯ ಮದುವೆ ನಮ್ಮ ಬಯಲುಸೀಮೆಯ ಮದುವೆಗಿಂತ ಬೇರೆ ಹಾದಿಯದು. ಹೆಣ್ಣನ್ನು ಗಂಡಿನ ಹಟ್ಟಿಗೆ ಕರೆತರುತ್ತಾರೆ, ಮದುವೆ ನಡೆಯುವುದು ಅಲ್ಲಿ. ಖರ್ಚು ಗಂಡಿನ ಮನೆಯದು. ವರದಕ್ಷಿಣೆ ಎಂಬ ಮಾತಿಲ್ಲ. ಹಿಂದೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಒಂದಿಷ್ಟು ಹಣ ಕೊಡುತ್ತಿದ್ದರು. ಮದುಮಗಳು ಮನೆಯೊಳಗೆ ಬಂದ ಮೇಲೆ ಕೊಡ ಹಿಡಿದು ಹಳ್ಳಕ್ಕೆ ಹೋಗಿ ನೀರು ತರುತ್ತಾಳೆ. ಹಟ್ಟಿಯ ಹಿರಿಯರಿಗೆಲ್ಲ ಒಬ್ಬೊಬ್ಬರಿಗೂ ಬಾಗಿ ಹರಸಿಸಿಕೊಳ್ಳುತ್ತಾಳೆ. ಬಾಳು ಕೂಡಿಬರದಿದ್ದರೆ ಹೆಣ್ಣು ತವರಿಗೆ ಮರಳಬಹುದು, ಇನ್ನೊಂದು ಮದುವೆಯಾಗಬಹುದು. ವಿಧವೆಗೂ ಮರುಮದುವೆಗೆ ಅಡ್ಡಿಯಿಲ್ಲ. ದೇಶಕ್ಕೆ ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಕಾಯಿದೆ ಬಂದು ಅರವತ್ತು ವರ್ಷ ದಾಟಿದರೂ ಬಯಲಿನಲ್ಲಿ ನಾವು ಕಾರು, ಸೈಟು, ಬಂಗಾರದ ಲೆಕ್ಕದಲ್ಲೇ ಇದ್ದೇವೆ. ಈ ಬೆಟ್ಟದ ಮೇಲೆ ವರದಕ್ಷಿಣೆಯಿಲ್ಲದ ಮದುವೆ ಕಾಯಿದೆಯ ಹಂಗಿಲ್ಲದೆ ನಡೆಯುತ್ತಿತ್ತು. ನಮ್ಮ ಪಕ್ಕದಲ್ಲೇ ಇದ್ದ ಇಂಥ ನಡತೆಯಿಂದ ನಾವು ಏನೂ ಕಲಿಯಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಹಳೆಯದೆಲ್ಲ ಶುದ್ಧ, ಬೆರಕೆ ಎಂದರೆ ಕೆಡುಕು ಎಂದು ನಾನು ಹೇಳುತ್ತಿಲ್ಲ. ಆ ಹಿರಿಯರ ಶಾಲಿನೊಳಗಿದ್ದ ಕೋಟನ್ನೇ ನೋಡಿ. ಅದು ಇಂಗ್ಲಿಷರ ಜೊತೆ ಬೆಟ್ಟ ಹತ್ತಿದ ಉಡುಪು. ಇವತ್ತು ಕೋಟು ಇಲ್ಲದ ಬಡಗ ಹಿರಿಯರನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ವಾದ್ಯದ ಕತೆಯೂ ಹಾಗೆಯೇ. ಒಂದು ಕಾಲಕ್ಕೆ ನೆರೆಯ ಕೋತ ಜನರ ವಾದ್ಯವಿಲ್ಲದೆ ಬಡಗರಲ್ಲಿ ಯಾವ ದೊಡ್ಡ ಕಾರ್ಯವೂ ನಡೆಯುತ್ತಿರಲಿಲ್ಲ. ಕೋತರು ಮಡಕೆ, ಕಬ್ಬಿಣದ ಸಾಮಾನು, ಸಂಗೀತ ಕೊಡುತ್ತಿದ್ದರು. ಬಡಗರು ಧಾನ್ಯ ಕೊಡುತ್ತಿದ್ದರು. 1930ರ ದಶಕದ ಹೊತ್ತಿಗೆ ಸುಧಾರಣೆಯ ಹೆಸರಿನಲ್ಲಿ, ಮನಸ್ತಾಪಗಳಲ್ಲಿ ಆ ಕೊಡುಕೊಳೆ ಬಹುಮಟ್ಟಿಗೆ ಕಡಿದುಹೋಯಿತು. ಈಗ ಆ ಜಾಗಕ್ಕೆ ಬ್ಯಾಂಡು ಬಂದಿದೆ, ಡಿಜೆ ಬಂದಿದೆ. ಸ್ಪೀಕರಿನಲ್ಲಿ ಬಡಗ ಹಾಡು ಹಾಕಿದರೂ ಸಾಕು, ಸಾಫ್ಟ್‌ವೇರಿನವರು, ಟೀ ಸೊಪ್ಪು ಕೀಳುವವರು, ಕಾಲೇಜು ಹುಡುಗಿಯರು, ಅಜ್ಜಂದಿರು ಎಲ್ಲ ಒಂದೇ ಸುತ್ತಿನಲ್ಲಿ ಸೇರಿ ಕುಣಿಯುತ್ತಾರೆ. ವಾದ್ಯ ಬದಲಾಯಿತು, ಸುತ್ತು ಉಳಿಯಿತು. ಬೆರಕೆ ಚೆನ್ನಾಗಿ ಕೂಡಿಬಂದದ್ದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣುವುದಿಲ್ಲ. ಕೋತರ ಜೊತೆಗಿನ ನಂಟು ಹೋದದ್ದು ಮಾತ್ರ ನಷ್ಟವೇ.

ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸನ್ನು ಹಿಡಿದದ್ದು ಕನ್ನಿ. ಬಡಗರ ಹಳೆಯ ಕ್ರಮದಲ್ಲಿ ಹೆಣ್ಣು ಮನೆಗೆ ಬಂದ ದಿನವೇ ಮದುವೆ ಮುಗಿಯುತ್ತಿರಲಿಲ್ಲ. ಚೊಚ್ಚಿಲು ಬಸುರಿನ ಏಳನೆಯ ತಿಂಗಳಲ್ಲಿ ಗಂಡ ತನ್ನ ಮಾವನನ್ನು ಎಲ್ಲರೆದುರು ಕೇಳಬೇಕು: ನಿಮ್ಮ ಮಗಳ ಕೊರಳಿಗೆ ಕನ್ನಿ ಕಟ್ಟಲೇ? ಮಾವ ಆಗಲಿ ಎಂದ ಮೇಲೆ ಒಂದು ನೂಲಿನ ಎಳೆಯನ್ನು ಅವಳ ಕೊರಳಿಗೆ ಕಟ್ಟುತ್ತಾನೆ. ಮದುವೆ ಕಟ್ಟುಬೀಳುವುದು ಆಗ. ಅದೇ ಬೆಟ್ಟದ ತೊದವರಲ್ಲೂ ಇದಕ್ಕೆ ಸಮೀಪದ ಕ್ರಮವಿದೆ. ಬಸುರಿ ಹೆಂಡತಿಗೆ ಗಂಡ ಮರದ ಬುಡದಲ್ಲಿ ಬಿಲ್ಲು ಬಾಣ ಕೊಡುತ್ತಾನೆ. ಬಿಲ್ಲು ಕೊಟ್ಟವನೇ ಹುಟ್ಟುವ ಮಗುವಿಗೆ ತಂದೆ. ಮಾನವಶಾಸ್ತ್ರಜ್ಞ ರಿವರ್ಸ್ 1906ರಲ್ಲಿ ತೊದವರ ಮೇಲೆ ಬರೆದ ದೊಡ್ಡ ಪುಸ್ತಕದಲ್ಲಿ ಇದರ ವಿವರವಿದೆ. ಇವತ್ತು ತೊದವರ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ, ಕೆಂಪು ಕಪ್ಪು ಕಸೂತಿಯ ಶಾಲು ನಗರದ ಮದುವೆಗಳಲ್ಲಿ ಉಡುಗೊರೆಯಾಗಿ ಓಡಾಡುತ್ತಿದೆ. ಒಳ್ಳೆಯದೇ, ಹೊಲಿದವರಿಗೆ ನಾಲ್ಕು ಕಾಸು ಸಿಗಲಿ. ಆದರೆ ಆ ಶಾಲನ್ನು ಕೊಳ್ಳುವವರು ಬಿಲ್ಲಿನ ಹಿಂದಿನ ಯೋಚನೆಯನ್ನೂ ಕೇಳಿ ತಿಳಿದಿದ್ದರೆ ಎಂದು ಅನಿಸುತ್ತದೆ.

ಕನ್ನಿಯಾಗಲಿ ಬಿಲ್ಲಾಗಲಿ ಹೇಳುವುದು ಒಂದೇ: ಕೂಡಿ ಬಾಳಿ ನೋಡಿದ ಮೇಲೆ ಮದುವೆ ಪೂರ್ತಿಯಾಗುತ್ತದೆ. ನಾವೀಗ ಮಾಡುತ್ತಿರುವುದು ಇದಕ್ಕೆ ತೀರ ಎದುರಿನದು. ನಿಶ್ಚಿತಾರ್ಥದಿಂದ ಆರತಕ್ಷತೆಯವರೆಗೆ ಎಲ್ಲವನ್ನೂ ಎರಡು ದಿನಕ್ಕೆ ತುರುಕಿ, ಆ ಎರಡು ದಿನಕ್ಕೆ ಅರಿಸಿನದ ಹೊತ್ತು, ಮೆಹಂದಿಯ ಹೊತ್ತು, ಸಂಗೀತದ ಹೊತ್ತು ಎಂದು ಬಣ್ಣಬಣ್ಣದ ಹೊದಿಕೆ ಹಾಕುತ್ತೇವೆ. ಇವುಗಳಲ್ಲಿ ಹಲವು ಬೆಟ್ಟದವೂ ಅಲ್ಲ, ಮೈಸೂರು ಸೀಮೆಯವೂ ಅಲ್ಲ. ಉತ್ತರ ಭಾರತದಿಂದ ಸಿನಿಮಾ ಮತ್ತು ಫೋನಿನ ದಾರಿಯಲ್ಲಿ ಬಂದವು. ಎರವಲು ತರುವುದರಲ್ಲಿ ತಪ್ಪಿಲ್ಲ. ಎರವಲು ತಂದದ್ದಕ್ಕೆ ಸಂಪ್ರದಾಯ ಎಂದು ಹೆಸರಿಟ್ಟು, ಮನೆಯಲ್ಲಿದ್ದ ಕನ್ನಿಯನ್ನು ಹಳೆಯ ಕಾಲದ್ದೆಂದು ಮೂಲೆಗಿಟ್ಟರೆ ಮನಸ್ಸಿಗೆ ಒಗ್ಗುವುದಿಲ್ಲ. ಈಗ ಹಲವು ಮನೆಗಳಲ್ಲಿ ತಾಳಿ ಮದುವೆಯ ದಿನವೇ ಬೀಳುತ್ತದೆ. ಮಾವನನ್ನು ಕೇಳುವ ಆ ಪ್ರಶ್ನೆ ಎಲ್ಲಿ ಹೋಯಿತು?

ಇದಕ್ಕೆ ಎದುರು ಮಾತು ಇದೆ, ಅದು ಹಗುರವಾದದ್ದಲ್ಲ. ತಮಿಳುನಾಡಿನ 2009ರ ವಿವಾಹ ನೋಂದಣಿ ಕಾಯಿದೆಯಂತೆ ಪ್ರತಿಯೊಂದು ಮದುವೆಯನ್ನೂ ನೋಂದಾಯಿಸಬೇಕು. ಆ ಅರ್ಜಿಗೆ ಒಂದು ತಾರೀಖು ಬೇಕು. ತಾರೀಖಿಲ್ಲದ ಮದುವೆಯಲ್ಲಿ ಕೈಬಿಟ್ಟ ಹೆಂಡತಿಗೆ ಜೀವನಾಂಶ ಕೇಳುವುದು ಕಷ್ಟ, ಆಸ್ತಿ ಕೇಳುವುದು ಕಷ್ಟ. ಮದುವೆ ಬಸುರಿನಲ್ಲೇ ಪೂರ್ತಿಯಾಗುವುದಾದರೆ ಮಕ್ಕಳಾಗದ ಹೆಣ್ಣಿನ ಗತಿಯೇನು ಎಂದು ಗೆಳೆಯನ ಮಗಳೇ ನನ್ನನ್ನು ಕೇಳಿದಳು. "ಮಾಮ, ನನ್ನ ಮದುವೆ ನನ್ನ ಗರ್ಭಕ್ಕೆ ಕಾಯ್ತಾ ಕೂರಬೇಕಾ?" ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ನೋಂದಣಿ ಮೊದಲ ದಿನವೇ ಆಗಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕನ್ನಿಯ ತಿರುಳು ಗರ್ಭದಲ್ಲಿಲ್ಲ, ಆ ಪ್ರಶ್ನೆಯಲ್ಲಿದೆ ಎಂದು ಮಾತ್ರ ಹೇಳಬಲ್ಲೆ. ಜೊತೆಯಲ್ಲಿ ವರ್ಷವೊಂದು ಬಾಳಿದ ಮೇಲೆ ಗಂಡ ಬಂದು, ನಿಮ್ಮ ಮಗಳನ್ನು ನಾನು ನಡೆಸಿಕೊಂಡ ರೀತಿ ನಿಮಗೆ ಒಪ್ಪಿಗೆಯೇ ಎಂದು ಕೇಳುವುದು ಬಸುರಿಲ್ಲದೆಯೂ ಆಗಬಹುದು. ಮಗಳನ್ನೇ ಕೇಳಿದರೆ ಇನ್ನೂ ಒಳ್ಳೆಯದು.

ಹೀಗೆ ಒಳಗಿನಿಂದ ತಿದ್ದಿದವರು ನಮ್ಮಲ್ಲೇ ಇದ್ದಾರೆ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಆಡಂಬರವಿಲ್ಲ; ಆಡಿದ ಮಾತು ಗಂಡಿಗೂ ಹೆಣ್ಣಿಗೂ ತಿಳಿಯುವ ಮಾತು. ಮರುವರ್ಷ, 1967ರಲ್ಲಿ, ಮದರಾಸಿನ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯಿದೆಗೆ ತಿದ್ದುಪಡಿ ತಂದು, ಪುರೋಹಿತರಿಲ್ಲದೆ ನಾಲ್ಕು ಜನರ ಮುಂದೆ ಹಾರ ಬದಲಿಸಿ ಆದ ಸುಯಮರಿಯಾದೆ, ಅಂದರೆ ಸ್ವಾಭಿಮಾನದ, ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ಎರಡರಲ್ಲೂ ಹೊರಗಿನ ಚೆಂದಕ್ಕಿಂತ ನಡವಳಿಕೆಯನ್ನು ತಿದ್ದುವ ಆಸೆ ಇತ್ತು. ಇವತ್ತಿನ ಬೆರಕೆಯಲ್ಲಿ ನನಗೆ ಕಾಣದಿರುವುದು ಆ ಆಸೆ.

ಹಣದ ಮಾತೂ ಆಡಬೇಕು. ಬಡಗರಲ್ಲಿ ಬಹಳ ಮಂದಿ ಎರಡು ಮೂರು ಎಕರೆಯ ಟೀ ಬೆಳೆಗಾರರು. ಹಸಿರೆಲೆಗೆ ನ್ಯಾಯವಾದ ಬೆಲೆ ಸಿಗದೆ 2023ರಲ್ಲಿ ಇದೇ ಸಣ್ಣ ಬೆಳೆಗಾರರು ದಿನಗಟ್ಟಲೆ ಉಪವಾಸ ಕೂತರು. ಅಂಥ ಮನೆ ಮಂಟಪದ ಬಾಡಿಗೆ, ಡ್ರೋನಿನವನ ಬಾಡಿಗೆ, ಮದುವೆಗೆ ಮುಂಚಿನ ಫೋಟೋಕ್ಕೆಂದು ಬೇರೆಯವರ ಟೀ ತೋಟದಲ್ಲಿ ನಿಲ್ಲುವ ಬಾಡಿಗೆ ಕೊಡುತ್ತದೆ. ತಮ್ಮ ಹಟ್ಟಿಯ ಅಂಗಳ ಬಿಟ್ಟು ಇಪ್ಪತ್ತು ಕಿಲೋಮೀಟರು ದೂರ ಹೋಗಿ, ಅಲ್ಲಿ ಹಟ್ಟಿಯಂತೆ ಕಾಣುವ ಗೋಡೆ ಕಟ್ಟಿಸಿ, ಅದರ ಮುಂದೆ ಮದುವೆಯಾಗುವುದನ್ನು ನಾನು ನೋಡಿದ್ದೇನೆ. ಅಂಥ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಎಲೆಯ ಮೇಲೆ ಪನೀರು, ನೂಡಲ್ಸು ಎಲ್ಲ ಬಂದವು. ಬಡಗರ ಅವರೆಯ ಉದಕ, ಅಂದರೆ ಅವರೆಕಾಳಿನ ಸಾರು, ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆತ್ತೆ ಎರಡು ಸಲ ಕೇಳಿದರು, ಬಡಿಸುವ ಹುಡುಗನಿಗೆ ಅವರು ಕೇಳುತ್ತಿರುವುದು ಏನೆಂದೇ ಗೊತ್ತಾಗಲಿಲ್ಲ.

ಬೆಟ್ಟದ ಬುಡದ ಮಸಿನಗುಡಿಯಲ್ಲಿ ಇದೇ ಕತೆ ಇನ್ನೂ ಕಠೋರವಾಗಿದೆ. ಕಾಡಿನ ನಡುವೆ ಮದುವೆಯಾಗಬೇಕೆಂಬ ಆಸೆ ಬೆಂಗಳೂರಿನ, ಕೊಯಮತ್ತೂರಿನ ಜೋಡಿಗಳಿಗೆ ಬಂದಿದೆ. ಆ ಊರಿರುವ ಸೀಗೂರು ಪ್ರಸ್ಥಭೂಮಿ ಆನೆಗಳ ದಾರಿ. ಆ ದಾರಿಯನ್ನು ಉಳಿಸಬೇಕೆಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟ ಮೂರೇ ತಿಂಗಳಿಗೆ, 2021ರ ಜನವರಿಯಲ್ಲಿ, ಮಸಿನಗುಡಿಯಲ್ಲಿ ಉರಿಯುವ ಟೈರು ಎಸೆದು ಆನೆಯೊಂದನ್ನು ಓಡಿಸಿದ ವಿಡಿಯೋವನ್ನು ದೇಶವೆಲ್ಲ ನೋಡಿತು. ಆ ಆನೆ ಉಳಿಯಲಿಲ್ಲ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರದ ರಸ್ತೆಯನ್ನು ಮುಚ್ಚುವುದೂ ಆ ಪ್ರಾಣಿಗಳಿಗೆ ರಾತ್ರಿಯನ್ನು ಬಿಟ್ಟುಕೊಡಲು. ಅಂಥ ಕಾಡಿನಲ್ಲಿ ಧ್ವನಿವರ್ಧಕ ಹಾಕಿ, ಪಟಾಕಿ ಹೊಡೆದು, ಪ್ರಕೃತಿಯ ಮಡಿಲಲ್ಲಿ ಮದುವೆ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚುಹಾಕಿಸುವುದು ಅನ್ಯಾಯ. ರುಮಾಲನ್ನು ಪರದೆ ಮಾಡಿದಂತೆ ಕಾಡನ್ನೂ ಪರದೆ ಮಾಡಿದೆವು.

ಒಂದು ಸಮಾಧಾನದ ಸಂಗತಿಯೂ ಇದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನೀಲಗಿರಿ ಜಿಲ್ಲೆ ದೇಶದ ಬಹುಭಾಗಕ್ಕಿಂತ ಮೊದಲೇ ಕಡಿವಾಣ ಹಾಕಿತು. ಅದರಿಂದಾಗಿ ಮದುವೆಯ ಊಟದಲ್ಲಿ ಪಕ್ಕಕ್ಕೊಂದು ಪುಟ್ಟ ನೀರಿನ ಬಾಟಲಿ ಇಲ್ಲ. ಸ್ಟೀಲಿನ ಲೋಟ, ಜಗ್ಗು ಹಿಡಿದು ಸಾಲಿನಲ್ಲಿ ಓಡಾಡುವ ಹುಡುಗರು. ಜಗ್ಗು ಹಿಡಿದ ಹುಡುಗ ನಿಮ್ಮ ಮುಖ ನೋಡಲೇಬೇಕು, ಬೇಕಾ ಎಂದು ಕೇಳಲೇಬೇಕು. ಆ ಹೊತ್ತಿಗೆ ನೀವು ಯಾರ ಕಡೆಯವರು ಎಂಬ ಮಾತೂ ಬರುತ್ತದೆ. ಸರ್ಕಾರದ ಆಜ್ಞೆಯೊಂದು ಊಟದ ಪಂಕ್ತಿಗೆ ಹಳೆಯ ಉಪಚಾರವನ್ನು ತಂದುಕೊಟ್ಟಿತು.

ಗೆಳೆಯನ ಎರಡನೆಯ ಮಗಳ ಮದುವೆ ಬರುವ ವರ್ಷ. ಹುಡುಗ ಬೇರೆ ಹಟ್ಟಿಯವನು, ಕೆಲಸ ಬೆಂಗಳೂರಿನಲ್ಲಿ. ಮಂಟಪ ಬೇಡ, ಹುಡುಗನ ಹಟ್ಟಿಯ ಅಂಗಳದಲ್ಲೇ ಎಂದು ಇಬ್ಬರೂ ಪಟ್ಟು ಹಿಡಿದು ಒಪ್ಪಿಸಿದ್ದಾರೆ. ಹಿರಿಯರಿಗೆ ಬೆಳಗಿನ ಹೊತ್ತು ಪೂರ್ತಿ ಬಿಟ್ಟು, ಫೋಟೋದವರನ್ನು ಮಧ್ಯಾಹ್ನದ ಮೇಲೆ ಬರಹೇಳಿದ್ದಾರೆ. ಅಡುಗೆಯಲ್ಲಿ ಅವರೆ ಇದೆ. ಜಗಳ ಉಳಿದಿರುವುದು ನೀರಿನ ಕೊಡದ ಮೇಲೆ. ಹಟ್ಟಿಯಲ್ಲಿ ಮನೆಮನೆಗೂ ನಲ್ಲಿ ಬಂದು ಎಷ್ಟೋ ವರ್ಷವಾಯಿತು, ಬಂದ ಮೊದಲ ದಿನವೇ ಹೆಣ್ಣಿನ ತಲೆಗೆ ಕೊಡ ಏರಿಸಬೇಕೇ ಎಂದು ಹುಡುಗಿ ಕೇಳಿದ್ದಾಳೆ. ಕೊಡವಿಲ್ಲದೆ ಅದು ಮದುವೆಯೇ ಎಂದು ಅವಳ ಹೆತ್ತೆ ಕೇಳಿದ್ದಾರೆ. ಇಬ್ಬರ ಮಾತೂ ನನಗೆ ಸರಿ ಕಾಣುತ್ತದೆ. ಹುಡುಗ ಒಂದು ದಾರಿ ಹೇಳಿದ್ದಾನೆ: ಕೊಡ ಎರಡಿರಲಿ, ಹಳ್ಳಕ್ಕೆ ನಾನೂ ಬರುತ್ತೇನೆ. ಹೆತ್ತೆ ಒಂದು ವಾರ ಯೋಚಿಸಿ ಒಪ್ಪಿದ್ದಾರೆ. ಹುಡುಗನ ಹಟ್ಟಿಯ ಹಿರಿಯರು ಇನ್ನೂ ಒಪ್ಪಿಲ್ಲ.